ಪ್ರತಿದೀಪ್ತ ಪ್ರೋಟೀನುಗಳ ಪ್ಲಾಸ್ಮಿಡ್ ವಾಹಕಗಳು

ಜೀವಕೋಶದೊಳಗೆ ಒಂದು ಪ್ರೋಟೀನ್ ಎಲ್ಲಿದೆ, ಯಾವಾಗ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೋಶ ಬದುಕಿರುವಾಗಲೇ ನೋಡಲು ರೂಪಿಸಿದ ಉಂಗುರಾಕಾರದ ಡಿಎನ್‌ಎಗಳು. ನೋಡಬೇಕಾದ ಪ್ರೋಟೀನಿನ ಜೀನ್ ಮತ್ತು ಬೆಳಕು ಬಿದ್ದರೆ ಹೊಳೆಯುವ ಪ್ರೋಟೀನಿನ ಜೀನ್ ಎರಡನ್ನೂ ಈ ಉಂಗುರದಲ್ಲಿ ಒಂದರ ಬೆನ್ನಿಗೆ ಇನ್ನೊಂದನ್ನು ಬೆಸೆದು ಇಡುತ್ತಾರೆ. ಉಂಗುರ ಕೋಶದೊಳಕ್ಕೆ ಹೋದ ಮೇಲೆ ಕೋಶವೇ ಅದನ್ನು ಓದಿ, ಎರಡನ್ನೂ ಒಂದೇ ಸರಪಳಿಯಾಗಿ ನೇಯುತ್ತದೆ. ಆಮೇಲೆ ನೀಲಿ ಬೆಳಕು ಹಾಯಿಸಿದರೆ ಆ ಪ್ರೋಟೀನ್ ಇರುವ ಕಡೆಯೆಲ್ಲ ಹಸಿರು ಕಾಣುತ್ತದೆ. ಇದಕ್ಕೆ ಮುಂಚೆ ಪ್ರೋಟೀನಿನ ನೆಲೆ ತಿಳಿಯಬೇಕಾದರೆ ಸಾಮಾನ್ಯವಾಗಿ ಕೋಶವನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಕೊಂದು, ಪೊರೆಗೆ ತೂತು ಮಾಡಿ, ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಒಳಗೆ ಬಿಡಬೇಕಾಗಿತ್ತು. ಸಿಗುತ್ತಿದ್ದದ್ದು ನಿಂತುಹೋದ ಒಂದು ಕ್ಷಣದ ಚಿತ್ರ ಮಾತ್ರ.

ಪ್ಲಾಸ್ಮಿಡ್ ಎಂಬ ಹೆಸರನ್ನು 1952ರಲ್ಲಿ ಕೊಟ್ಟವರು ಜೋಶುವಾ ಲೆಡರ್‌ಬರ್ಗ್. ಬ್ಯಾಕ್ಟೀರಿಯಾಗಳು ತಮ್ಮ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಇಟ್ಟುಕೊಂಡು, ತಾವು ಹೆಚ್ಚಿದಂತೆಲ್ಲ ಹೆಚ್ಚಿಸಿಕೊಳ್ಳುವ ಸಣ್ಣ ಡಿಎನ್‌ಎ ಉಂಗುರಗಳಿವು. 1973ರಲ್ಲಿ ಸ್ಟಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ಇಂಥ ಉಂಗುರವನ್ನು ಕತ್ತರಿಸಿ ಬೇರೆ ಜೀನ್ ಸೇರಿಸಿದ ಮೇಲೆ ಪ್ಲಾಸ್ಮಿಡ್ ಜೀನುಗಳನ್ನು ಹೊರುವ ವಾಹಕವಾಯಿತು. ಸಸ್ತನಿ ಕೋಶಗಳಿಗೆ ಬಳಸುವ ವಾಹಕ ಎರಡು ಮನೆಯಲ್ಲಿ ಬಾಳಬೇಕು: ಬೆಳೆಸುವುದು ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ, ಕೆಲಸ ಮಾಡಿಸುವುದು ಮನುಷ್ಯನ, ಇಲಿಯ, ಕೋತಿಯ ಕೋಶಗಳಲ್ಲಿ. ಅದರ ರಚನೆಯ ಬಹುಪಾಲು ವಿಚಿತ್ರಗಳಿಗೆ ಈ ಎರಡು ಮನೆಯ ಬಾಳೇ ಕಾರಣ.

ಲೋಳೆಮೀನಿನಿಂದ ಬಂದ ಹಸಿರು

1961ರ ಬೇಸಿಗೆಯಲ್ಲಿ ಒಸಾಮು ಶಿಮೊಮುರಾ ಪ್ರಿನ್ಸ್‌ಟನ್‌ನಿಂದ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್‌ಗೆ ಹೋಗಿ, ಏಕ್ವೋರಿಯಾ ವಿಕ್ಟೋರಿಯಾ ಎಂಬ ಲೋಳೆಮೀನುಗಳನ್ನು ಬಲೆಯಲ್ಲಿ ಹಿಡಿದರು. ಸುಮಾರು 10,000 ಮೀನುಗಳ ಅಂಚಿನ ಉಂಗುರಗಳನ್ನು ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ ತೆಗೆದ ರಸದಿಂದ ನೀಲಿ ಬೆಳಕು ಸೂಸುವ ಏಕ್ವೋರಿನ್ ಸಿಕ್ಕಿತು. ಅದರ ಜೊತೆಯಲ್ಲಿ ಬಂದ ಇನ್ನೊಂದು ಪ್ರೋಟೀನ್ ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯಿತು. 1962ರ ಪ್ರಬಂಧದಲ್ಲಿ ಅದಕ್ಕೆ ಸಿಕ್ಕ ಜಾಗ ಬಹಳ ಕಡಿಮೆ. ಅದೇ ಮುಂದೆ ಹಸಿರು ಪ್ರತಿದೀಪ್ತ ಪ್ರೋಟೀನ್, ಚಿಕ್ಕದಾಗಿ ಜಿಎಫ್‌ಪಿ, ಎಂದು ಹೆಸರಾಯಿತು.

ಇದರ ಜೀನನ್ನು ಮೊದಲು ಬಿಡಿಸಿ ಓದಿದವರು ವುಡ್ಸ್ ಹೋಲ್‌ನ ಡಗ್ಲಸ್ ಪ್ರಾಷರ್, 1992ರಲ್ಲಿ. ಮುಂದಿನ ಸಂಶೋಧನೆಗೆ ಅವರಿಗೆ ಹಣ ಸಿಗಲಿಲ್ಲ. ಜೀನನ್ನು ಅವರು ಕೇಳಿದವರಿಗೆ ಕೊಟ್ಟರು. ಹಾಗೆ ಪಡೆದ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ 1994ರಲ್ಲಿ ಬ್ಯಾಕ್ಟೀರಿಯಾವನ್ನೂ ಸಿ. ಎಲಿಗನ್ಸ್ ಹುಳುವಿನ ನರಕೋಶಗಳನ್ನೂ ಹಸಿರಾಗಿ ಬೆಳಗಿಸಿದರು. ಲೋಳೆಮೀನಿನ ಬೇರಾವ ಕಿಣ್ವದ ನೆರವೂ ಇಲ್ಲದೆ ಇದು ಬೆಳಗುತ್ತದೆ ಎಂಬುದೇ ಆ ಪ್ರಯೋಗದ ಸಾರ. ಸರಪಳಿಯ 65, 66, 67ನೇ ಸ್ಥಾನದ ಸೆರೀನ್, ಟೈರೊಸೀನ್, ಗ್ಲೈಸೀನ್ ಎಂಬ ಮೂರು ಅಮೈನೊ ಆಮ್ಲಗಳು ತಮ್ಮಷ್ಟಕ್ಕೆ ತಾವೇ ಬಳೆಯಾಗಿ ಮಡಿಚಿಕೊಂಡು, ಆಮ್ಲಜನಕದೊಡನೆ ವರ್ತಿಸಿ ವರ್ಣಕವಾಗುತ್ತವೆ. ಸುತ್ತಲಿನ 11 ಎಳೆಗಳ ಪೀಪಾಯಿ ಅದನ್ನು ಕಾಯುತ್ತದೆ. ಈ ಪೀಪಾಯಿಯ ಆಕಾರ ತಿಳಿದದ್ದು 1996ರಲ್ಲಿ. 2008ರ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರಾ, ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ ಸಂದಿತು. ಆ ಹೊತ್ತಿಗೆ ಪ್ರಾಷರ್ ಅಲಬಾಮಾದ ಒಂದು ಕಾರು ಮಾರಾಟಗಾರರಲ್ಲಿ ವಾಹನ ಚಾಲಕರಾಗಿದ್ದರು. ಈ ಕ್ಷೇತ್ರದ ಚರಿತ್ರೆ ಬರೆಯುವವರು ಅವರ ಹೆಸರನ್ನು ಬಿಡಬಾರದು.

ಮೂಲ ಜಿಎಫ್‌ಪಿ ಸಸ್ತನಿ ಕೋಶಕ್ಕೆ ಒಗ್ಗಲಿಲ್ಲ. ಅದು ಬೆಳೆದದ್ದು ತಣ್ಣನೆಯ ಸಮುದ್ರದ ಪ್ರಾಣಿಯಲ್ಲಿ. ಸಸ್ತನಿ ಕೋಶ ಬೆಳೆಯುವ 37 ಡಿಗ್ರಿಯಲ್ಲಿ ಸರಿಯಾಗಿ ಮಡಿಚಿಕೊಳ್ಳುತ್ತಿರಲಿಲ್ಲ. ಹೆಚ್ಚಾಗಿ ಹೀರುತ್ತಿದ್ದದ್ದು 395 ನ್ಯಾನೋಮೀಟರಿನ, ಕೋಶಕ್ಕೆ ಹಾನಿ ಮಾಡುವ ಬೆಳಕನ್ನು. 1995ರಲ್ಲಿ ಚೆನ್ ತಂಡ 65ನೇ ಸೆರೀನನ್ನು ಥ್ರಿಯೊನೀನ್‌ಗೆ ಬದಲಿಸಿತು. ಅದರಿಂದ ಹೀರಿಕೆ ನೀಲಿಗೆ, ಅಂದರೆ 488 ನ್ಯಾನೋಮೀಟರಿನ ಆರ್ಗಾನ್ ಲೇಸರ್‌ಗೆ ಸರಿಹೊಂದುವ ಕಡೆಗೆ, ಸರಿಯಿತು. ಮರುವರ್ಷ ಬ್ರೆಂಡನ್ ಕಾರ್ಮ್ಯಾಕ್ ಮತ್ತು ಸಂಗಡಿಗರು 64ನೇ ಫೀನೈಲ್‌ಅಲನೀನನ್ನು ಲ್ಯೂಸೀನ್ ಮಾಡಿದ ರೂಪವನ್ನು ಕೊಟ್ಟರು, ಮಡಿಚುವಿಕೆ ಸುಧಾರಿಸಿತು. ಎರಡೂ ಸೇರಿದ ರೂಪ 488ರ ಬೆಳಕಿನಲ್ಲಿ ಮೂಲಕ್ಕಿಂತ ಸುಮಾರು 35 ಪಟ್ಟು ಪ್ರಖರ. ಇದರ ಮೇಲೆ ಇನ್ನೊಂದು ಕೆಲಸ ನಡೆಯಿತು. ಒಂದೇ ಅಮೈನೊ ಆಮ್ಲಕ್ಕೆ ಮೂರಕ್ಷರದ ಹಲವು ಸಂಕೇತಗಳು, ಅಂದರೆ ಕೋಡಾನುಗಳು, ಇವೆಯಷ್ಟೆ. ಲೋಳೆಮೀನಿಗೆ ರೂಢಿಯಾದವು ಮನುಷ್ಯನ ಕೋಶಕ್ಕೆ ಅಪರೂಪ. ಪ್ರೋಟೀನ್ ಹಾಗೇ ಉಳಿಯುವಂತೆ ಜೀನಿನ 190ಕ್ಕೂ ಹೆಚ್ಚು ಅಕ್ಷರಗಳನ್ನು ಮನುಷ್ಯನ ರೂಢಿಗೆ ತಿದ್ದಲಾಯಿತು. ಹೀಗೆ ತಿದ್ದಿ ತೀಡಿದ ರೂಪವೇ ಇಜಿಎಫ್‌ಪಿ: 239 ಅಮೈನೊ ಆಮ್ಲ, ಸುಮಾರು 27 ಕಿಲೋಡಾಲ್ಟನ್ ತೂಕ.

ಒಂದು ಉಂಗುರದ ಪ್ರದಕ್ಷಿಣೆ

ಈ ಜಾತಿಯ ವಾಹಕಗಳಲ್ಲಿ ಮಾದರಿಯೆಂದು ಹಿಡಿಯಬೇಕಾದದ್ದು ಕ್ಲಾನ್‌ಟೆಕ್ ಕಂಪನಿ 1990ರ ದಶಕದಲ್ಲಿ ಹೊರತಂದ ಪಿ-ಇಜಿಎಫ್‌ಪಿ-ಎನ್1. ಇದರ ಉದ್ದ 4,733 ಬೇಸ್ ಜೋಡಿ. ಒಂದು ಸುತ್ತು ಹಾಕಿದರೆ ಎಷ್ಟು ಜೀವಿಗಳ ತುಣುಕು ಇಲ್ಲಿ ಸೇರಿವೆ ಎಂದು ಬೆರಗಾಗುತ್ತದೆ.

ಆರಂಭದ 589 ಬೇಸ್‌ಗಳು ಮನುಷ್ಯರ ಸೈಟೊಮೆಗಾಲೊ ವೈರಸ್ಸಿನ ಪ್ರೊಮೋಟರ್. ಸೋಂಕು ತಗುಲಿದೊಡನೆ ತನ್ನ ಜೀನುಗಳನ್ನು ಜೋರಾಗಿ ಓದಿಸಿಕೊಳ್ಳಲು ಆ ವೈರಸ್ ಬಳಸುವ ಗುಂಡಿ ಇದು. ಅದನ್ನು ದಾಟಿದರೆ ಬಹುಛೇದನ ತಾಣ. ಬೇರೆಲ್ಲೂ ಕತ್ತರಿಸದೆ ಇಲ್ಲೇ ಕತ್ತರಿಸುವ ಕಿಣ್ವಗಳ ಗುರುತುಗಳು ಸುಮಾರು 80 ಬೇಸ್‌ಗಳಲ್ಲಿ ಒತ್ತೊತ್ತಾಗಿ ಕೂತಿವೆ. ಸಂಶೋಧಕ ತನ್ನ ಜೀನನ್ನು ಕೂರಿಸುವುದು ಇಲ್ಲಿ. ಆಮೇಲೆ ಲೋಳೆಮೀನಿನ ಇಜಿಎಫ್‌ಪಿ, 720 ಬೇಸ್. ಅದರ ಹಿಂದೆ ಎಸ್‌ವಿ40 ಎಂಬ ಕೋತಿ ವೈರಸ್ಸಿನ ಪಾಲಿ-ಎ ಸಂಕೇತ. ಆರ್‌ಎನ್‌ಎ ಇಲ್ಲಿಗೆ ಮುಗಿಯಿತೆಂದು ತಿಳಿಸಿ ಅದಕ್ಕೆ ಅಡೆನೀನ್‌ಗಳ ಬಾಲ ಕೂಡಿಸುವಂತೆ ಮಾಡುವುದು ಇದರ ಕೆಲಸ. ಮುಂದೆ ಎಫ್1 ಎಂಬ ಬ್ಯಾಕ್ಟೀರಿಯಾ ವೈರಸ್ಸಿನ ಪ್ರತಿಕರಣದ ಆರಂಭಬಿಂದು. ಕೊನೆಯಲ್ಲಿ ಪಿಯುಸಿ ಪ್ಲಾಸ್ಮಿಡ್‌ನಿಂದ ಪಡೆದ ಆರಂಭಬಿಂದು. ಒಂದು ಬ್ಯಾಕ್ಟೀರಿಯಾದಲ್ಲಿ ನೂರಾರು ಪ್ರತಿ ಹುಟ್ಟುವುದು ಇದರಿಂದ.

ಈ ಎರಡು ಆರಂಭಬಿಂದುಗಳ ನಡುವೆ ಇರುವ ಪ್ರತಿಜೈವಿಕ ಪ್ರತಿರೋಧದ ಜೀನ್ ಬಹಳ ಜಾಣತನದ ಜೋಡಣೆ. ಟಿಎನ್5 ಎಂಬ ಬ್ಯಾಕ್ಟೀರಿಯಾ ಜಿಗಿಜೀನಿನಿಂದ ಬಂದ ಈ ಜೀನಿನ ಒಂದೇ ಕಿಣ್ವ ಬ್ಯಾಕ್ಟೀರಿಯಾವನ್ನು ಕ್ಯಾನಮೈಸಿನ್‌ನಿಂದಲೂ ಸಸ್ತನಿ ಕೋಶವನ್ನು ಜಿ418ನಿಂದಲೂ ಕಾಪಾಡುತ್ತದೆ. ಜೀನಿನ ಮುಂದೆ ಎರಡು ಪ್ರೊಮೋಟರ್ ಇಟ್ಟಿದ್ದಾರೆ, ಒಂದು ಬ್ಯಾಕ್ಟೀರಿಯಾ ಓದುವಂಥದು, ಇನ್ನೊಂದು ಎಸ್‌ವಿ40ನದು, ಸಸ್ತನಿ ಕೋಶ ಓದುವಂಥದು. ಎಸ್‌ವಿ40 ಪ್ರೊಮೋಟರಿನೊಳಗೇ ಆ ವೈರಸ್ಸಿನ ಪ್ರತಿಕರಣದ ಆರಂಭಬಿಂದುವೂ ಅಡಗಿದೆ. ಕಾಸ್-7 ಅಥವಾ ಹೆಚ್‌ಇಕೆ293ಟಿ ಕೋಶಗಳಲ್ಲಿ ಎಸ್‌ವಿ40ನ ದೊಡ್ಡ ಟಿ ಪ್ರೋಟೀನ್ ಇರುವುದರಿಂದ ಅಲ್ಲಿ ಪ್ಲಾಸ್ಮಿಡ್ ತಾನೇ ಹೆಚ್ಚುತ್ತದೆ, ಹೊಳಪೂ ಏರುತ್ತದೆ. ಆ ಪ್ರೋಟೀನ್ ಇಲ್ಲದ ಹೀಲಾ ಕೋಶದಲ್ಲಿ ಹಾಗಾಗುವುದಿಲ್ಲ. ಎರಡು ಕೋಶಗಳ ಹೊಳಪನ್ನು ಹೋಲಿಸುವವರು ಇದನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಬಹುಛೇದನ ತಾಣ ಮುಗಿದು ಇಜಿಎಫ್‌ಪಿ ತೊಡಗುವ ಜಾಗವನ್ನು ಅಕ್ಷರ ಅಕ್ಷರವಾಗಿ ಓದುವುದು ಒಳ್ಳೆಯದು. ಬ್ಯಾಮ್‌ಹೆಚ್1 ಕಿಣ್ವದ ಗುರುತಿನಲ್ಲಿ ಮೊದಲ ಜಿ ಬಿಟ್ಟು ಮುಂದಕ್ಕೆ ಓದಿದರೆ ಜಿಎಟಿ, ಸಿಸಿಎ, ಸಿಸಿಜಿ, ಜಿಟಿಸಿ, ಜಿಸಿಸಿ, ಎಸಿಸಿ, ಆಮೇಲೆ ಎಟಿಜಿ. ಅಂದರೆ ಆಸ್ಪಾರ್ಟೇಟ್, ಪ್ರೋಲೀನ್, ಪ್ರೋಲೀನ್, ವ್ಯಾಲೀನ್, ಅಲನೀನ್, ಥ್ರಿಯೊನೀನ್. ಇಷ್ಟಾದ ಮೇಲೆ ಇಜಿಎಫ್‌ಪಿಯ ಮೊದಲ ಮೆಥಿಯೊನೀನ್. ಈ ಆರು ಅಮೈನೊ ಆಮ್ಲಗಳೇ ನಿಮ್ಮ ಪ್ರೋಟೀನಿಗೂ ಹಸಿರಿಗೂ ನಡುವಿನ ಸೇತುವೆ. ಯಾರೂ ಇದನ್ನು ಸೇತುವೆಯಾಗಲೆಂದು ಯೋಚಿಸಿ ಇಟ್ಟದ್ದಲ್ಲ. ಜಿಸಿಸಿಎಸಿಸಿ ಎಂಬುದು ಮೆರಿಲಿನ್ ಕೊಜಾಕ್ ಗುರುತಿಸಿದ, ರೈಬೋಸೋಮಿಗೆ 'ಇಲ್ಲಿಂದ ಓದು' ಎಂದು ಹೇಳುವ ಸಾಲು. ಎಟಿಜಿಯ ಬೆನ್ನಿಗೆ ಜಿ ಬರಬೇಕೆಂದು ಇಜಿಎಫ್‌ಪಿಯ ಎರಡನೇ ಸ್ಥಾನದಲ್ಲಿ ಒಂದು ವ್ಯಾಲೀನನ್ನೂ ಸೇರಿಸಿದ್ದಾರೆ. 238ರ ಪ್ರೋಟೀನ್ 239 ಆದದ್ದು ಹಾಗೆ. ವಾಹಕವನ್ನು ಖಾಲಿಯಾಗಿಯೇ ಬಳಸಿದರೂ ಹಸಿರು ಬರಲಿ ಎಂಬುದು ಉದ್ದೇಶ. ಆದರೆ ಒಳಗೆ ಜೀನ್ ಕೂರಿಸಿದ ಮೇಲೂ ಆ ಆಹ್ವಾನ ಅಲ್ಲೇ ಉಳಿಯುತ್ತದೆ. ನಿಮ್ಮ ಜೀನಿನ ಸ್ವಂತ ಎಟಿಜಿಯ ಸುತ್ತ ಕೊಜಾಕ್ ಸಾಲು ದುರ್ಬಲವಾಗಿದ್ದರೆ ಕೆಲವು ರೈಬೋಸೋಮುಗಳು ಅದನ್ನು ದಾಟಿ ಬಂದು ಇಲ್ಲಿಂದ ಓದಲು ತೊಡಗುತ್ತವೆ. ಆಗ ಜೋಡಿ ಪ್ರೋಟೀನಿನ ಜೊತೆಗೆ ಬರೀ ಇಜಿಎಫ್‌ಪಿಯೂ ತಯಾರಾಗಿ ಕೋಶದ ತುಂಬ ಹರಡುತ್ತದೆ. ಇಜಿಎಫ್‌ಪಿಯ ಎಟಿಜಿಯನ್ನು ಅಳಿಸಿಬಿಡುವುದು ಇದಕ್ಕೆ ಸರಳ ಪರಿಹಾರ.

ತಲೆಗೋ ಬಾಲಕ್ಕೋ

ಪ್ರೋಟೀನ್ ಸರಪಳಿ ತೊಡಗುವ ತುದಿ ಎನ್, ಮುಗಿಯುವ ತುದಿ ಸಿ. ವಾಹಕದ ಹೆಸರಿನಲ್ಲಿರುವ ಎನ್ ಹೊಸಬರನ್ನು ವರ್ಷವರ್ಷವೂ ದಾರಿ ತಪ್ಪಿಸುತ್ತದೆ. ಎನ್1 ಎಂದರೆ ಹಸಿರು ನಿಮ್ಮ ಪ್ರೋಟೀನಿನ ಎನ್ ತುದಿಯಲ್ಲಿ ಕೂರುತ್ತದೆ ಎಂದಲ್ಲ. ನಿಮ್ಮ ಪ್ರೋಟೀನ್ ಇಜಿಎಫ್‌ಪಿಯ ಎನ್ ತುದಿಯಲ್ಲಿ ಕೂರುತ್ತದೆ ಎಂದು. ಹಾಗಾಗಿ ಹಸಿರು ಬರುವುದು ನಿಮ್ಮ ಪ್ರೋಟೀನಿನ ಬಾಲಕ್ಕೆ. ಪಿ-ಇಜಿಎಫ್‌ಪಿ-ಸಿ1ನಲ್ಲಿ ಇದಕ್ಕೆ ತದ್ವಿರುದ್ಧ, ಹಸಿರು ತಲೆಯ ಕಡೆ. ಕೊನೆಯ ಅಂಕಿ 1, 2, 3 ಓದಿನ ಚೌಕಟ್ಟನ್ನು ಹೇಳುತ್ತದೆ. ಕೋಡಾನ್ ಮೂರು ಅಕ್ಷರದ್ದಾದ್ದರಿಂದ ಬೆಸುಗೆಯಲ್ಲಿ ಒಂದು ಅಕ್ಷರ ಹೆಚ್ಚಾದರೂ ಕಡಿಮೆಯಾದರೂ ಮುಂದಿನದೆಲ್ಲ ಅರ್ಥಗೆಡುತ್ತದೆ. ಎನ್ ವಾಹಕಕ್ಕೆ ಹಾಕುವ ಜೀನಿನಲ್ಲಿ ಸ್ವಂತ ಎಟಿಜಿ ಇರಲೇಬೇಕು, ನಿಲುಗಡೆ ಕೋಡಾನ್ ಇರಲೇಬಾರದು. ನಿಲುಗಡೆ ತೆಗೆಯಲು ಮರೆತು ವಾರಗಟ್ಟಲೆ ಕತ್ತಲೆ ನೋಡಿದವರು ಪ್ರತಿ ಪ್ರಯೋಗಾಲಯದಲ್ಲೂ ಸಿಗುತ್ತಾರೆ.

ಯಾವ ತುದಿಯನ್ನು ಆರಿಸಬೇಕೆಂಬುದನ್ನು ಪ್ರೋಟೀನೇ ಹೇಳುತ್ತದೆ. ಮೈಟೊಕಾಂಡ್ರಿಯಕ್ಕೆ ಹೋಗಬೇಕಾದ ಪ್ರೋಟೀನುಗಳಲ್ಲಿ ಬಹುತೇಕದ ವಿಳಾಸ ತಲೆಯಲ್ಲಿದೆ. ಸ್ರವಿಸಲ್ಪಡುವ ಪ್ರೋಟೀನಿನ ಸಂಕೇತವೂ ತಲೆಯಲ್ಲೇ. ಅಲ್ಲಿಗೆ 27 ಕಿಲೋಡಾಲ್ಟನ್ ಹೊರೆ ಕಟ್ಟಿದರೆ ವಿಳಾಸ ಮುಚ್ಚಿಹೋಗಿ ಪ್ರೋಟೀನ್ ಕೋಶರಸದಲ್ಲಿ ಅಲೆಯುತ್ತದೆ. ಇವಕ್ಕೆ ಎನ್1 ತಕ್ಕದ್ದು. ರಾಸ್ ಪ್ರೋಟೀನ್ ಕೋಶಪೊರೆಗೆ ಅಂಟುವುದು ಬಾಲದ ನಾಲ್ಕು ಅಮೈನೊ ಆಮ್ಲಗಳ ದೆಸೆಯಿಂದ; ಅದಕ್ಕೆ ಸಿ1 ಬೇಕು. ಟ್ಯೂಬ್ಯುಲಿನ್‌ಗೂ ಸಾಮಾನ್ಯವಾಗಿ ತಲೆಯ ಕಡೆಯಿಂದಲೇ ಕಟ್ಟುತ್ತಾರೆ. ಅಂತರ್ದ್ರವ್ಯ ಜಾಲದೊಳಗೇ ಉಳಿಯುವ ಕೆಲವು ಪ್ರೋಟೀನುಗಳಿಗೆ ತಲೆಯಲ್ಲಿ ಪ್ರವೇಶದ ಸಂಕೇತ, ಬಾಲದಲ್ಲಿ ಅಲ್ಲೇ ಉಳಿಸುವ ಕೆಡಿಇಎಲ್ ಎಂಬ ನಾಲ್ಕಕ್ಷರ. ಇವುಗಳಲ್ಲಿ ಹಸಿರನ್ನು ಸಂಕೇತ ಕಳಚಿದ ಜಾಗಕ್ಕೆ ಒತ್ತಾಗಿ, ಮಧ್ಯದಲ್ಲಿ ಸೇರಿಸಬೇಕಾಗುತ್ತದೆ. ಎರಡೂ ತುದಿಗೆ ಬೇರೆ ಬೇರೆಯಾಗಿ ಕಟ್ಟಿ ನೋಡಿ, ಎರಡೂ ಒಂದೇ ನೆಲೆ ತೋರಿಸಿದರೆ ನಂಬುವುದು ಅತ್ಯುತ್ತಮ ಪದ್ಧತಿ.

ಹೊರೆ ದೊಡ್ಡದೆಂದು ಹೆದರಬೇಕಾಗಿಲ್ಲ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಹೆಚ್2ಬಿ ಇಜಿಎಫ್‌ಪಿಯ ಅರ್ಧದಷ್ಟು ತೂಕದ್ದು. ಆದರೂ 1998ರಲ್ಲಿ ಕಾಂಡ, ಸಲಿವನ್ ಮತ್ತು ವಾಲ್ ಅದಕ್ಕೆ ಜಿಎಫ್‌ಪಿ ಬೆಸೆದು, ಹೀಲಾ ಕೋಶ ಒಡೆಯುವಾಗ ವರ್ಣತಂತುಗಳು ಸಾಲುಗಟ್ಟಿ, ಬೇರೆಯಾಗಿ, ಎರಡು ಕಡೆಗೆ ಸರಿಯುವುದನ್ನು ಬದುಕಿದ ಕೋಶದಲ್ಲೇ ತೋರಿಸಿದರು. ಅದಕ್ಕೂ ಒಂದು ವರ್ಷ ಮುಂಚೆ ಜೆನಿಫರ್ ಲಿಪಿಂಕಾಟ್-ಶ್ವಾರ್ಟ್ಸ್ ತಂಡ ಒಂದು ವೈರಸ್ಸಿನ ಹೊದಿಕೆಯ ಪ್ರೋಟೀನಿಗೆ ಹಸಿರು ಕಟ್ಟಿತ್ತು. 40 ಡಿಗ್ರಿಯಲ್ಲಿ ಅದು ಅಂತರ್ದ್ರವ್ಯ ಜಾಲದಲ್ಲಿ ಸಿಕ್ಕಿಕೊಂಡಿರುತ್ತದೆ. 32 ಡಿಗ್ರಿಗೆ ಇಳಿಸಿದೊಡನೆ ಗುಂಪು ಗುಂಪಾಗಿ ಹೊರಟು ಗಾಲ್ಗಿಯತ್ತ ಹರಿಯುತ್ತದೆ. ಪಠ್ಯಪುಸ್ತಕದಲ್ಲಿ ಬಾಣದ ಗುರುತಾಗಿದ್ದ ಸಾಗಾಟ ಹೀಗೆ ಕಣ್ಣಿಗೆ ಕಂಡಿತು.

ಕೋಶದೊಳಕ್ಕೆ

ಡಿಎನ್‌ಎಯೂ ಕೋಶಪೊರೆಯೂ ಎರಡೂ ಋಣ ವಿದ್ಯುದಂಶದವು, ಒಂದನ್ನೊಂದು ದೂಡುತ್ತವೆ. 1973ರಲ್ಲಿ ಗ್ರಹಾಂ ಮತ್ತು ವಾನ್ ಡರ್ ಎಬ್ ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಕಣಗಳಲ್ಲಿ ಡಿಎನ್‌ಎ ಕಟ್ಟಿ ಒಳಗೆ ಕಳಿಸುವ ದಾರಿ ತೋರಿಸಿದರು. 1987ರಲ್ಲಿ ಫೆಲ್ಗ್ನರ್ ಮತ್ತು ಸಂಗಡಿಗರು ಧನ ವಿದ್ಯುದಂಶದ ಕೊಬ್ಬನ್ನು ಬಳಸಿದರು. ಇಂದು ಹೆಚ್ಚು ಬಳಕೆಯಲ್ಲಿರುವುದು ಅದರ ಸಂತತಿ. ವಿದ್ಯುತ್ ಹೊಡೆತದಿಂದ ಪೊರೆಯಲ್ಲಿ ಕ್ಷಣಕಾಲ ರಂಧ್ರ ಮಾಡುವ ವಿಧಾನವೂ ಇದೆ.

ಲೆಕ್ಕ ನೋಡಿ. ಒಂದು ಮೈಕ್ರೋಗ್ರಾಂ ಪಿ-ಇಜಿಎಫ್‌ಪಿ-ಎನ್1ನಲ್ಲಿ ಸುಮಾರು 20,000 ಕೋಟಿ ಉಂಗುರಗಳಿವೆ. ತಟ್ಟೆಯಲ್ಲಿ 10 ಲಕ್ಷ ಕೋಶಗಳಿದ್ದರೆ ಒಂದೊಂದರ ಪಾಲಿಗೆ ಎರಡು ಲಕ್ಷ. ಕೋಶಕೇಂದ್ರವನ್ನು ಮುಟ್ಟುವುದು ಅದರಲ್ಲಿ ಅತ್ಯಲ್ಪ. ಆದರೂ 24ರಿಂದ 48 ಗಂಟೆಗಳಲ್ಲಿ ಕತ್ತಲ ಕೋಣೆಯ ಸೂಕ್ಷ್ಮದರ್ಶಕದಡಿ ಹಸಿರು ಮೂಡುತ್ತದೆ. ಒಂದೇ ತಟ್ಟೆಯಲ್ಲಿ ಒಂದು ಕೋಶ ಕಣ್ಣು ಕುಕ್ಕುವಷ್ಟು ಹೊಳೆದರೆ ಪಕ್ಕದ್ದು ಮಂಕು, ಅದರಾಚೆಯದು ಕಪ್ಪು, ಏಕೆಂದರೆ ಉಂಗುರಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. ಕೋಶ ಒಡೆದಂತೆಲ್ಲ ಉಂಗುರಗಳು ಕಳೆದುಹೋಗಿ ಕೆಲವೇ ದಿನಗಳಲ್ಲಿ ಹಸಿರು ಆರುತ್ತದೆ. ಕಾಯಂ ಹಸಿರು ಬೇಕೆಂದರೆ ಜಿ418 ಹಾಕಿ, ಪ್ಲಾಸ್ಮಿಡ್ ತಮ್ಮ ವರ್ಣತಂತುವಿಗೇ ಸೇರಿಹೋದ ಅಪರೂಪದ ಕೋಶಗಳನ್ನು ಎರಡು ಮೂರು ವಾರಗಳಲ್ಲಿ ಆರಿಸಿಕೊಳ್ಳಬೇಕು. ಹಾಗೆ ಆರಿಸಿದವುಗಳಲ್ಲೂ ಸೈಟೊಮೆಗಾಲೊ ಪ್ರೊಮೋಟರ್ ಕಾಲಕ್ರಮದಲ್ಲಿ ಮೀಥೈಲೀಕರಣದಿಂದ ಮೌನವಾಗುವುದುಂಟು. ಕಾಂಡಕೋಶಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚಾದ್ದರಿಂದ ಅಲ್ಲಿ ಇಎಫ್1-ಆಲ್ಫಾ ಅಥವಾ ಸಿಎಜಿ ಪ್ರೊಮೋಟರಿನ ವಾಹಕಗಳನ್ನು ಬಳಸುತ್ತಾರೆ.

ಹೊಳಪು ಹೇಳುವ ಸುಳ್ಳುಗಳು

ಅತಿ ಹೊಳೆಯುವ ಕೋಶವೇ ಚಿತ್ರಕ್ಕೆ ಚೆಂದ, ಪ್ರಬಂಧದಲ್ಲಿ ಅಚ್ಚಾಗುವುದೂ ಅದೇ. ನಂಬಲು ಅತಿ ಕಡಿಮೆ ಯೋಗ್ಯವಾದದ್ದೂ ಅದೇ. ವೈರಸ್ಸಿನ ಪ್ರೊಮೋಟರ್ ಕೋಶದ ಅಗತ್ಯವನ್ನು ಕೇಳುವುದಿಲ್ಲ. ಸಹಜವಾಗಿ ಕೆಲವೇ ಸಾವಿರ ಪ್ರತಿ ಇರಬೇಕಾದ ಪ್ರೋಟೀನ್ ಲಕ್ಷಗಟ್ಟಲೆ ಬಂದರೆ ತನ್ನ ನೆಲೆ ತುಂಬಿ ಬೇರೆಡೆ ಚೆಲ್ಲುತ್ತದೆ, ಗಂಟುಕಟ್ಟುತ್ತದೆ, ಜೊತೆಗಾರ ಪ್ರೋಟೀನುಗಳನ್ನು ಕಬಳಿಸುತ್ತದೆ. ಮಂಕಾಗಿ ಹೊಳೆಯುವ ಕೋಶಗಳನ್ನೇ ಹುಡುಕಿ ಅಳೆಯುವುದು ಪ್ರಾಮಾಣಿಕ ಕೆಲಸ.

ಇಜಿಎಫ್‌ಪಿಗೆ ಇನ್ನೊಂದರೊಡನೆ ಸಡಿಲವಾಗಿ ಜೋಡಿಯಾಗುವ ಗುಣವಿದೆ. 2003ರಲ್ಲಿ ಎರಿಕ್ ಸ್ನ್ಯಾಪ್ ಮತ್ತು ಸಹೋದ್ಯೋಗಿಗಳು ಅಂತರ್ದ್ರವ್ಯ ಜಾಲದ ಪೊರೆಯ ಪ್ರೋಟೀನುಗಳಿಗೆ ಜಿಎಫ್‌ಪಿ ಕಟ್ಟಿದಾಗ, ಎದುರುಬದುರು ಪೊರೆಗಳ ಮೇಲಿನ ಹಸಿರು ಬಾಲಗಳು ಒಂದನ್ನೊಂದು ಹಿಡಿದು ಪೊರೆಯೇ ಸುರುಳಿ ಸುರುಳಿಯಾಗಿ ಪೇರಿಸಿಕೊಂಡದ್ದನ್ನು ವಿವರಿಸಿದರು. ಒಂಟಿಯಾಗಿ ಉಳಿಯುವ ಜಿಎಫ್‌ಪಿ ಹಾಕಿದರೆ ಸುರುಳಿ ಇಲ್ಲ. ಆ ಒಂಟಿ ರೂಪಕ್ಕೆ ಬೇಕಾದದ್ದು 206ನೇ ಅಲನೀನನ್ನು ಲೈಸೀನ್ ಮಾಡುವ ಒಂದೇ ಬದಲಾವಣೆ; ಇದು 2002ರಿಂದ ಗೊತ್ತಿದೆ. ಹೊಸದಾಗಿ ವಾಹಕ ಕಟ್ಟುವವರು ಇದಿಲ್ಲದ ಇಜಿಎಫ್‌ಪಿ ಬಳಸಲು ಈಗ ಯಾವ ಕಾರಣವೂ ಉಳಿದಿಲ್ಲ. ಆಮ್ಲೀಯ ಲೈಸೊಸೋಮಿನಲ್ಲಿ ಇಜಿಎಫ್‌ಪಿ ಆರಿಹೋಗುತ್ತದೆ ಎಂಬುದನ್ನೂ ನೆನಪಿಡಬೇಕು. ಅಲ್ಲಿ ಕಪ್ಪು ಕಂಡರೆ ಪ್ರೋಟೀನ್ ಇಲ್ಲವೆಂದು ಅರ್ಥವಲ್ಲ.

ಬೇರೆ ಬಣ್ಣ, ಬೇರೆ ದಾರಿ

ಕೆಂಪು ಬಣ್ಣ ಬಂದದ್ದು ಹವಳದ ಬಳಗದ ಡಿಸ್ಕೊಸೋಮಾದಿಂದ, 1999ರಲ್ಲಿ. ಆ ಡಿಎಸ್‌ರೆಡ್ ನಾಲ್ಕು ನಾಲ್ಕಾಗಿ ಅಂಟಿಕೊಳ್ಳುತ್ತಿದ್ದದ್ದರಿಂದ ಬಾಲವಾಗಿ ಕಟ್ಟಲು ಒದಗಲಿಲ್ಲ. ಚೆನ್ ಅವರ ಪ್ರಯೋಗಾಲಯ 2002ರಲ್ಲಿ ಅದನ್ನು ಬಿಡಿಸಿ ಒಂಟಿ ಮಾಡಿತು, 2004ರಲ್ಲಿ ಅದರಿಂದ ಎಮ್‌ಚೆರಿ ಹುಟ್ಟಿತು. 2013ರ ಎಮ್‌ನಿಯಾನ್‌ಗ್ರೀನ್ ಲಾನ್ಸ್‌ಲೆಟ್ ಎಂಬ ಸಮುದ್ರಜೀವಿಯದು, ಇಜಿಎಫ್‌ಪಿಗಿಂತ ಪ್ರಖರ. ಇವೆಲ್ಲ ಬಹುಮಟ್ಟಿಗೆ ಹಳೆಯ ಉಂಗುರದಲ್ಲೇ ಕೂತಿವೆ. ಎನ್1, ಸಿ1 ಎಂಬ ಬೆನ್ನೆಲುಬು ಹಾಗೇ ಉಳಿದು ಬಣ್ಣ ಮಾತ್ರ ಬದಲಾಗಿದೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಡೇವಿಡ್‌ಸನ್ ಹೀಗೆ ಕಟ್ಟಿದ ದೊಡ್ಡ ಸಂಗ್ರಹವನ್ನು, 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಡ್‌ಜೀನ್ ಎಂಬ ಲಾಭರಹಿತ ಪ್ಲಾಸ್ಮಿಡ್ ಭಂಡಾರ ಹಂಚುತ್ತದೆ.

ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ತಿದ್ದುವ ಕ್ರಿಸ್ಪರ್ ತಂತ್ರ ಬಂದ ಮೇಲೆ ಹಸಿರನ್ನು ಕೋಶದ ಸ್ವಂತ ಜೀನಿಗೇ ಬೆಸೆಯಬಹುದು. ಆಗ ಪ್ರಮಾಣ ಸಹಜವಾಗಿಯೇ ಉಳಿಯುತ್ತದೆ. ಸಿಯಾಟಲ್‌ನ ಆಲೆನ್ ಜೀವಕೋಶ ವಿಜ್ಞಾನ ಸಂಸ್ಥೆ ಮನುಷ್ಯನ ಕಾಂಡಕೋಶಗಳಲ್ಲಿ ಈ ದಾರಿ ಹಿಡಿದಿದೆ. ಆದರೂ ನಾಳೆಯೇ ಉತ್ತರ ಬೇಕಾದ ಪ್ರಶ್ನೆಗೆ, ರೂಪಾಂತರಿತ ಪ್ರೋಟೀನುಗಳನ್ನು ಸಾಲಾಗಿ ಪರೀಕ್ಷಿಸಲು, ಪ್ಲಾಸ್ಮಿಡ್‌ನಷ್ಟು ಬೇಗ ಒದಗುವ ಸಾಧನ ಬೇರೊಂದಿಲ್ಲ.

ಭಾರತದಲ್ಲಿ ಜೀನುಗಳನ್ನು ಬೆಸೆಯುವ ಈ ಕೆಲಸ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳಿಗೆ ಒಳಪಟ್ಟಿದೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಅದರ ಮೇಲೆ ಕಣ್ಣಿಟ್ಟಿರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಕೋಶಪೊರೆಯ ಕೆಲವು ಪ್ರೋಟೀನುಗಳು ಬೆಳಕಿನ ಸೂಕ್ಷ್ಮದರ್ಶಕಕ್ಕೆ ನೇರವಾಗಿ ಕಾಣದಷ್ಟು ಸಣ್ಣ ಗುಂಪುಗಳಲ್ಲಿ ಕೂಡಿರುವುದನ್ನು ಪ್ರತಿದೀಪ್ತಿಯ ಮಾಪನಗಳಿಂದಲೇ ಕಂಡುಹಿಡಿದದ್ದು ಈ ವಿದ್ಯೆಯ ಬಲಕ್ಕೆ ನಮ್ಮೂರಿನದೇ ಸಾಕ್ಷಿ.

ಪ್ರಯೋಗ ಮಾಡುವವರು ಪ್ರತಿ ಸಲವೂ ಒಂದು ತಟ್ಟೆಗೆ ಖಾಲಿ ವಾಹಕವನ್ನು ಹಾಕಬೇಕು. ಬರೀ ಇಜಿಎಫ್‌ಪಿ ಕೋಶಕೇಂದ್ರದ ರಂಧ್ರಗಳಲ್ಲಿ ನುಸುಳುವಷ್ಟು ಚಿಕ್ಕದಾದ್ದರಿಂದ ಕೋಶರಸ, ಕೋಶಕೇಂದ್ರ ಎರಡನ್ನೂ ಒಂದೇ ಸಮ ಹಸಿರು ಮಾಡುತ್ತದೆ. ನಿಮ್ಮ ಪ್ರೋಟೀನಿನ ಚಿತ್ರವೂ ಹಾಗೆಯೇ ಇದ್ದರೆ ಚಿತ್ರವನ್ನು ಬದಿಗಿಟ್ಟು, ಕೋಶಗಳನ್ನು ಕರಗಿಸಿ, ಜಿಎಫ್‌ಪಿ ಪ್ರತಿಕಾಯದಿಂದ ಪ್ರೋಟೀನುಗಳನ್ನು ತೂಕದ ಪ್ರಕಾರ ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡಿ. 50 ಕಿಲೋಡಾಲ್ಟನ್ನಿನ ಪ್ರೋಟೀನಾದರೆ ಪಟ್ಟಿ 77ರ ಆಸುಪಾಸು ಬರಬೇಕು. 27ರಲ್ಲಿ ದಪ್ಪ ಪಟ್ಟಿ ಕಂಡರೆ ನೀವು ಇಷ್ಟು ಹೊತ್ತು ನೋಡಿದ್ದು ಲೋಳೆಮೀನಿನ ಪ್ರೋಟೀನನ್ನು.